ಚಿತ್ರಪುಟದಿಂದ ಪಾಠದ ಕೋಣೆಗೆ: ಸಂಪಾದಕ ಟಾಮ್ ಹಾಪ್ಕಿನ್ಸನ್

1970ರಲ್ಲಿ ವೇಲ್ಸ್‌ನ ಕಾರ್ಡಿಫ್ ನಗರದ ಯೂನಿವರ್ಸಿಟಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಅಧ್ಯಯನ ಕೇಂದ್ರ ಆರಂಭವಾಯಿತು. ಪದವಿ ಮುಗಿಸಿ ಬಂದ ಯುವಕ ಯುವತಿಯರಿಗೆ ವಿಶ್ವವಿದ್ಯಾಲಯದ ಒಳಗೇ ಪತ್ರಿಕಾವೃತ್ತಿ ಕಲಿಸುವ ಸ್ನಾತಕೋತ್ತರ ಕೋರ್ಸ್ ಬ್ರಿಟನ್ನಿನಲ್ಲಿ ಅದೇ ಮೊದಲು. ಕೇಂದ್ರದ ನಿರ್ದೇಶಕರಾಗಿ ಬಂದವರಿಗೆ ಆಗ 65 ವರ್ಷ. ಅಷ್ಟು ಹೊತ್ತಿಗೆ ಅವರು ಬ್ರಿಟನ್ನಿನ ಅತ್ಯಂತ ಜನಪ್ರಿಯ ಸಚಿತ್ರ ವಾರಪತ್ರಿಕೆಯನ್ನು ಹತ್ತು ವರ್ಷ ನಡೆಸಿದ್ದರು. ಒಂದೇ ಒಂದು ವರದಿಯ ಸಲುವಾಗಿ ಆ ಹುದ್ದೆ ಕಳೆದುಕೊಂಡಿದ್ದರು. ವರ್ಣಭೇದದ ದಕ್ಷಿಣ ಆಫ್ರಿಕದಲ್ಲಿ ಕಪ್ಪು ಜನರ ಪತ್ರಿಕೆಯೊಂದನ್ನು ಸಂಪಾದಿಸಿದ್ದರು. ನೈರೋಬಿಯಲ್ಲಿ ಕೂತು ಹೊಸದಾಗಿ ಸ್ವತಂತ್ರವಾದ ದೇಶಗಳ ಪತ್ರಕರ್ತರನ್ನು ತಯಾರು ಮಾಡಿದ್ದರು. ಅವರೇ ಟಾಮ್ ಹಾಪ್ಕಿನ್ಸನ್.

ಪತ್ರಿಕೋದ್ಯಮ ಶಿಕ್ಷಣ ನಡೆದುಬಂದ ದಾರಿಯನ್ನು ನೆನೆಯುವ ಈ ಸಂಚಿಕೆಯಲ್ಲಿ ಅವರ ವೃತ್ತಿಜೀವನವನ್ನು ದಾಖಲಿಸಲು ಕಾರಣವಿದೆ. ಪತ್ರಿಕೋದ್ಯಮದ ಇತಿಹಾಸ ಬರೆಯುವಾಗ ನಾವು ಸಾಮಾನ್ಯವಾಗಿ ಸ್ಥಾಪಕರನ್ನು, ಮಾಲೀಕರನ್ನು, ಹೆಸರು ಮಾಡಿದ ವರದಿಗಾರರನ್ನು ನೆನೆಯುತ್ತೇವೆ. ಇವರ ನಡುವೆ ನಿಂತು ವರದಿಗಾರ ಕಂಡದ್ದನ್ನು ಓದುಗನ ಕೈಗೆ ಮುಟ್ಟಿಸುವ ಸಂಪಾದಕ ಹಿಂದೆ ಉಳಿದುಬಿಡುತ್ತಾನೆ. ಆ ನಡುವಿನ ಜಾಗದಲ್ಲಿ ಗಟ್ಟಿಯಾಗಿ ನಿಲ್ಲುವುದೇ ಸಂಪಾದಕನ ಕೆಲಸ ಎಂದು ಹಾಪ್ಕಿನ್ಸನ್ ನಂಬಿದ್ದರು. ನಂಬಿದ್ದಕ್ಕೆ ಬೆಲೆಯನ್ನೂ ತೆತ್ತರು.

ಆರಂಭದ ದಿನಗಳು

ಹಾಪ್ಕಿನ್ಸನ್ ಹುಟ್ಟಿದ್ದು 1905ರ ಏಪ್ರಿಲ್ 19ರಂದು, ಮ್ಯಾಂಚೆಸ್ಟರ್‌ನಲ್ಲಿ. ತಂದೆ ಚರ್ಚಿನ ಸೇವೆಯಲ್ಲಿದ್ದವರು. ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜಿನಲ್ಲಿ ಓದು ಮುಗಿಸಿ ಲಂಡನ್ನಿಗೆ ಬಂದ ಹಾಪ್ಕಿನ್ಸನ್, ಹವ್ಯಾಸಿ ಬರಹಗಾರನಾಗಿ ಕೆಲವು ಕಾಲ ಕಳೆದರು. ಸಮಾಜವಾದಿ ಪತ್ರಿಕೆ ‘ಕ್ಲಾರಿಯನ್’ನಲ್ಲಿ ಸಹಾಯಕ ಸಂಪಾದಕರಾಗಿದ್ದವರು 1934ರಲ್ಲಿ ಓಡಮ್ಸ್ ಸಂಸ್ಥೆಯ ‘ವೀಕ್ಲಿ ಇಲಸ್ಟ್ರೇಟೆಡ್’ ಸೇರಿದರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಸ್ಟೆಫಾನ್ ಲೊರಾಂಟ್.

ಲೊರಾಂಟ್ ಹಂಗೆರಿಯ ಯಹೂದಿ. ಜರ್ಮನಿಯ ‘ಮ್ಯೂನಿಕ್ ಇಲಸ್ಟ್ರೇಟೆಡ್ ಪ್ರೆಸ್’ನ ಸಂಪಾದಕರಾಗಿದ್ದ ಅವರನ್ನು 1933ರಲ್ಲಿ ನಾಜಿಗಳು ಸೆರೆಗೆ ಹಾಕಿದ್ದರು. ಬಿಡುಗಡೆಯಾಗಿ ಬ್ರಿಟನ್ನಿಗೆ ಬಂದಾಗ ಅವರು ತಮ್ಮೊಂದಿಗೆ ಹೊಸದೊಂದು ವಿದ್ಯೆಯನ್ನೇ ತಂದರು. ಆವರೆಗೆ ಬ್ರಿಟಿಷ್ ಪತ್ರಿಕೆಗಳಲ್ಲಿ ಚಿತ್ರವೆಂದರೆ ಬರಹದ ಪಕ್ಕದ ಅಲಂಕಾರ. ಲೊರಾಂಟ್ ಚಿತ್ರಗಳನ್ನೇ ಸಾಲಾಗಿ ಜೋಡಿಸಿ ಕಥೆ ಹೇಳಿಸಿದರು. ಭಾರದ ಕ್ಯಾಮೆರಾ, ಕಣ್ಣು ಕುಕ್ಕುವ ಫ್ಲ್ಯಾಶ್ ಬಿಟ್ಟು ಅಂಗೈಯಲ್ಲಿ ಹಿಡಿಸುವ ಲೈಕಾ ಹಿಡಿದು, ಇದ್ದ ಬೆಳಕಿನಲ್ಲೇ, ಜನ ತಮ್ಮ ಪಾಡಿಗೆ ತಾವಿರುವಾಗ ತೆಗೆದ ಚಿತ್ರಗಳವು. ಜರ್ಮನಿಯಿಂದಲೇ ಬಂದ ಫೆಲಿಕ್ಸ್ ಮಾನ್ ಮತ್ತು ಕರ್ಟ್ ಹಟನ್ ಈ ಬಗೆಯ ಛಾಯಾಗ್ರಹಣದಲ್ಲಿ ಪಳಗಿದವರು.

‘ಪಿಕ್ಚರ್ ಪೋಸ್ಟ್’ ಹುಟ್ಟಿತು

1938ರ ಅಕ್ಟೋಬರ್ 1ರಂದು, ಎಡ್ವರ್ಡ್ ಹಲ್ಟನ್ ಅವರ ಒಡೆತನದಲ್ಲಿ, ‘ಪಿಕ್ಚರ್ ಪೋಸ್ಟ್’ ಹೊರಬಂತು. ಲೊರಾಂಟ್ ಸಂಪಾದಕರು, ಹಾಪ್ಕಿನ್ಸನ್ ಅವರ ಸಹಾಯಕರು. ಬೆಲೆ ಮೂರು ಪೆನ್ಸ್. ಕೆಲವೇ ತಿಂಗಳಲ್ಲಿ ಮಾರಾಟ ವಾರಕ್ಕೆ 10 ಲಕ್ಷ ಪ್ರತಿಗಳನ್ನು ದಾಟಿತು. ಗಣಿ ಕಾರ್ಮಿಕರು, ಕೆಲಸ ಕಳೆದುಕೊಂಡವರು, ಬೀದಿಯಲ್ಲಿ ಆಡುವ ಮಕ್ಕಳು, ರಜೆಗೆ ಕಡಲತಡಿಗೆ ಹೋದ ಸಂಸಾರಗಳು, ಹೀಗೆ ದೊಡ್ಡ ಪತ್ರಿಕೆಗಳ ಪುಟದಲ್ಲಿ ಎಂದೂ ಮುಖ ತೋರದವರು ಇಲ್ಲಿ ಕಾಣಿಸಿಕೊಂಡರು. ಪತ್ರಿಕೆ ಕೊಂಡವರು ಅದರಲ್ಲಿ ತಮ್ಮನ್ನೇ ಕಂಡರು. ಇಷ್ಟು ಬೇಗ ಜನ ಅದನ್ನು ಒಪ್ಪಿಕೊಂಡದ್ದಕ್ಕೆ ಇದೇ ದೊಡ್ಡ ಕಾರಣ.

ರಾಜಕೀಯವಾಗಿಯೂ ಪತ್ರಿಕೆಗೆ ಸ್ಪಷ್ಟ ನಿಲುವಿತ್ತು. 1938ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಯಹೂದಿಗಳ ಅಂಗಡಿ, ಮನೆ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದ ಕೆಲವೇ ದಿನಗಳಲ್ಲಿ ‘ಪಿಕ್ಚರ್ ಪೋಸ್ಟ್’ ಒಂದು ವಿಶೇಷ ಲೇಖನ ಪ್ರಕಟಿಸಿತು. ನಾಜಿ ನಾಯಕರ ಮುಖಗಳು ಒಂದೆಡೆ. ಅವರು ಬೇಟೆಯಾಡಿ ಓಡಿಸಿದ ವಿಜ್ಞಾನಿಗಳು, ಲೇಖಕರು, ಕಲಾವಿದರ ಮುಖಗಳು ಇನ್ನೊಂದೆಡೆ. ಚಿತ್ರಗಳ ಎದುರುಬದುರು ಜೋಡಣೆಯೇ ಅಲ್ಲಿ ವಾದ ಮಂಡಿಸಿತ್ತು.

1940ರ ಬೇಸಗೆಯಲ್ಲಿ ಫ್ರಾನ್ಸ್ ಸೋತು, ಜರ್ಮನ್ ಸೇನೆ ಬ್ರಿಟನ್ನಿನ ಎದುರು ದಡಕ್ಕೆ ಬಂದು ನಿಂತಿತು. ಬ್ರಿಟಿಷ್ ಪೌರತ್ವ ಸಿಗದ ಲೊರಾಂಟ್ ಅಮೆರಿಕಕ್ಕೆ ಹೊರಟುಹೋದರು. ಮಾನ್ ಮತ್ತು ಹಟನ್ ಅವರನ್ನು ಶತ್ರುದೇಶದವರೆಂದು ಸರ್ಕಾರ ಬಂಧನದಲ್ಲಿಟ್ಟಿತು. ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರಿಗೇ ಈ ಗತಿ ಬಂದಿತ್ತು. ಗುರುವಿಲ್ಲ, ಮುಖ್ಯ ಛಾಯಾಗ್ರಾಹಕರಿಲ್ಲ, ಮೇಲೆ ಕಾಗದದ ಪಡಿತರ. ಅಂಥ ಹೊತ್ತಿನಲ್ಲಿ 35 ವರ್ಷದ ಹಾಪ್ಕಿನ್ಸನ್ ಸಂಪಾದಕರ ಕುರ್ಚಿಯಲ್ಲಿ ಕೂತರು. ಮರುವರ್ಷದಿಂದ 1946ರವರೆಗೆ ಅದೇ ಸಂಸ್ಥೆಯ ಪುಟ್ಟ ಮಾಸಪತ್ರಿಕೆ ‘ಲಿಲಿಪುಟ್’ನ ಹೊಣೆಯೂ ಅವರದೇ ಆಗಿತ್ತು.

ಸಂಪಾದಕನ ಕಣ್ಣು

ಹಾಪ್ಕಿನ್ಸನ್ ಸ್ವತಃ ಛಾಯಾಗ್ರಾಹಕರಲ್ಲ. ಯಾರನ್ನು ಯಾವ ಕೆಲಸಕ್ಕೆ ಕಳಿಸಬೇಕು, ಅವರು ತಂದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ತೀರ್ಮಾನದಲ್ಲಿ ಅವರ ಪ್ರತಿಭೆ ಇತ್ತು. ಬರ್ಟ್ ಹಾರ್ಡಿ ಇದಕ್ಕೆ ಒಳ್ಳೆಯ ಉದಾಹರಣೆ. ಲಂಡನ್ನಿನ ದುಡಿಯುವ ವರ್ಗದ ಬಡಾವಣೆಯಲ್ಲಿ ಬೆಳೆದ ಹಾರ್ಡಿ 14ನೇ ವಯಸ್ಸಿಗೆ ಶಾಲೆ ಬಿಟ್ಟು, ಫೋಟೊ ತೊಳೆದು ಮುದ್ರಿಸುವ ಅಂಗಡಿಯಲ್ಲಿ ದುಡಿದು, ಹಳೆಯ ಲೈಕಾ ಕೊಂಡು ತಾನೇ ಕಲಿತವರು. ಜರ್ಮನ್ ಬಾಂಬುಗಳು ಲಂಡನ್ನನ್ನು ಸುಡುತ್ತಿದ್ದಾಗ ಅವರು ಅಗ್ನಿಶಾಮಕ ದಳದವರ ಜೊತೆ ಬೆಂಕಿಯ ನಡುವೆ ನುಗ್ಗಿ ಚಿತ್ರ ತೆಗೆದು ತಂದರು. 1941ರ ಫೆಬ್ರವರಿ 1ರ ಸಂಚಿಕೆಯಲ್ಲಿ ಅವು ಪ್ರಕಟವಾದವು. ಛಾಯಾಗ್ರಾಹಕರ ಹೆಸರು ಹಾಕುವ ಪದ್ಧತಿ ಪತ್ರಿಕೆಯಲ್ಲಿ ಇರಲಿಲ್ಲ. ಈ ಚಿತ್ರಗಳ ಜೊತೆ ಹಾರ್ಡಿಯ ಹೆಸರು ಅಚ್ಚಾಯಿತು. ಪ್ರಾಣ ಪಣಕ್ಕಿಟ್ಟವನ ಹೆಸರು ಓದುಗರಿಗೆ ತಿಳಿಯಬೇಕು ಎಂಬ ಗೌರವ ಅದು.

ಇನ್ನೊಂದು ಪ್ರಸಂಗವನ್ನು ಪತ್ರಿಕೋದ್ಯಮದ ವಿದ್ಯಾರ್ಥಿಗಳು ತಿಳಿದಿರಬೇಕು. 1948ರಲ್ಲಿ ಗ್ಲಾಸ್ಗೋ ನಗರದ ಗೋರ್ಬಲ್ಸ್ ಎಂಬ ಕಿಕ್ಕಿರಿದ ಬಡಾವಣೆಯ ಬಗ್ಗೆ ಪತ್ರಿಕೆ ಲೇಖನವೊಂದನ್ನು ಯೋಜಿಸಿತು. ಮೊದಲು ಹೋದವರು ಬಿಲ್ ಬ್ರಾಂಟ್. ಛಾಯಾಗ್ರಹಣದ ಚರಿತ್ರೆಯಲ್ಲಿ ಅವರದು ಬಹು ದೊಡ್ಡ ಹೆಸರು. ಅವರು ತಂದ ಚಿತ್ರಗಳಲ್ಲಿ ಕಟ್ಟಡಗಳ ಗಾಢ ನೆರಳಿತ್ತು, ಮಂಕು ಬೆಳಕಿನ ಸೊಗಸಿತ್ತು. ಲೇಖನಕ್ಕೆ ಬೇಕಿದ್ದದ್ದು ಆ ಕಟ್ಟಡಗಳೊಳಗೆ ಬದುಕುವ ಜನ. ಹಾಗಾಗಿ ಬರ್ಟ್ ಹಾರ್ಡಿಯನ್ನು ಅಲ್ಲಿಗೆ ಕಳಿಸಲಾಯಿತು. ಹಾರ್ಡಿ ಮನೆಮನೆಯ ಅಡುಗೆಕೋಣೆಗೆ ಹೋದರು, ಮೆಟ್ಟಿಲುಗಳ ಮೇಲೆ ಕೂತರು, ಮಕ್ಕಳ ಹಿಂದೆ ಓಡಾಡಿದರು. ಬೀದಿಯಲ್ಲಿ ತೋಳಿಗೆ ತೋಳು ಸೇರಿಸಿ ನಗುತ್ತ ಬರುವ ಇಬ್ಬರು ಹುಡುಗರ ಜಗತ್ಪ್ರಸಿದ್ಧ ಚಿತ್ರ ಸಿಕ್ಕಿದ್ದು ಆ ಓಡಾಟದಲ್ಲೇ. ಎಷ್ಟೇ ದೊಡ್ಡ ಹೆಸರಿನವರ ಚಿತ್ರವಾದರೂ ವಿಷಯಕ್ಕೆ ಒಗ್ಗದಿದ್ದರೆ ಪಕ್ಕಕ್ಕಿಡುವ ಎದೆಗಾರಿಕೆ, ಅದೇ ಕೆಲಸಕ್ಕೆ ಇನ್ನೊಬ್ಬರನ್ನು ಕಳಿಸುವ ತಾಳ್ಮೆ, ಎರಡೂ ‘ಪಿಕ್ಚರ್ ಪೋಸ್ಟ್’ನ ಸಂಪಾದಕೀಯ ಮೇಜಿನಲ್ಲಿ ಇದ್ದವು.

ಯುದ್ಧದ ನಡುವೆ ನಾಳೆಯ ಯೋಜನೆ

1941ರ ಜನವರಿ 4ರ ಸಂಚಿಕೆಯನ್ನು ಹಾಪ್ಕಿನ್ಸನ್ ‘ಬ್ರಿಟನ್ನಿಗೊಂದು ಯೋಜನೆ’ ಎಂಬ ಒಂದೇ ವಿಷಯಕ್ಕೆ ಮೀಸಲಿಟ್ಟರು. ಲಂಡನ್ನಿನ ಮೇಲೆ ಬಾಂಬ್ ಬೀಳುತ್ತಿದ್ದ ದಿನಗಳವು. ಯುದ್ಧ ಗೆಲ್ಲುವ ಸೂಚನೆಯೇ ಇರಲಿಲ್ಲ. ಆದರೂ ಪತ್ರಿಕೆ ಕೇಳಿದ್ದು ಯುದ್ಧ ಮುಗಿದ ಮೇಲೆ ಈ ದೇಶ ಹೇಗಿರಬೇಕೆಂದು. ಎಲ್ಲರಿಗೂ ಉದ್ಯೋಗ, ಸಾಮಾಜಿಕ ಭದ್ರತೆ, ಎಲ್ಲರಿಗೂ ಸಿಗುವ ವೈದ್ಯಕೀಯ ಸೇವೆ, ಸಮಾನ ಶಿಕ್ಷಣ, ಗಾಳಿ ಬೆಳಕಿನ ಮನೆಗಳು, ದುಡಿದವರಿಗೆ ಬಿಡುವು ಇವೆಲ್ಲ ಅಲ್ಲಿ ಚರ್ಚೆಯಾದವು. ಅರ್ಥಶಾಸ್ತ್ರಜ್ಞ ಥಾಮಸ್ ಬಲೋಗ್, ವಾಸ್ತುಶಿಲ್ಪಿ ಮ್ಯಾಕ್ಸ್‌ವೆಲ್ ಫ್ರೈ, ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ, ಲೇಖಕ ಜೆ.ಬಿ. ಪ್ರೀಸ್ಟ್ಲಿ ಮೊದಲಾದವರು ಬರೆದರು.

ಬ್ರಿಟನ್ನಿನ ಕಲ್ಯಾಣ ರಾಜ್ಯಕ್ಕೆ ತಳಹದಿ ಹಾಕಿದ ಬೆವರಿಜ್ ವರದಿ ಬಂದದ್ದು 1942ರ ಡಿಸೆಂಬರಿನಲ್ಲಿ. ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದದ್ದು 1948ರ ಜುಲೈ 5ರಂದು. ಇವನ್ನು ಒಂದು ವಾರಪತ್ರಿಕೆ ತಂದಿತು ಎಂದರೆ ಅತಿಯಾದೀತು. ಆದರೆ ವರದಿ ಬರುವ ಸುಮಾರು ಎರಡು ವರ್ಷ ಮೊದಲೇ, ಅಂಗಡಿಯಲ್ಲಿ ಸಿಗರೇಟಿನ ಪಕ್ಕ ಮಾರಾಟವಾಗುವ ಜನಪ್ರಿಯ ಪತ್ರಿಕೆ ಆ ಚರ್ಚೆಯನ್ನು ಲಕ್ಷಾಂತರ ಮನೆಗಳ ಊಟದ ಮೇಜಿಗೆ ಒಯ್ದಿತ್ತು. ಜನಪ್ರಿಯತೆಗೂ ಗಂಭೀರ ವಿಷಯಕ್ಕೂ ಆಗಿಬರುವುದಿಲ್ಲ ಎಂಬ ಮಾತನ್ನು ನಮ್ಮಲ್ಲಿ ಇಂದಿಗೂ ಕೇಳುತ್ತೇವೆ. ಆ ಸಂಚಿಕೆ ಅದಕ್ಕೆ ಸಾಕಷ್ಟು ಉತ್ತರ ಕೊಟ್ಟಿದೆ.

ಯುದ್ಧ ಮುಗಿದ ಮೇಲೂ ಪತ್ರಿಕೆ ಕಷ್ಟದ ಪ್ರಶ್ನೆಗಳನ್ನು ಬಿಡಲಿಲ್ಲ. 1949ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಮೈಬಣ್ಣದ ಭೇದ ಇದೆಯೇ ಎಂದು ನೇರವಾಗಿ ಕೇಳಿ, ಬಾಡಿಗೆಗೆ ಮನೆ ಸಿಗದ, ಕೆಲಸ ಸಿಗದ ಕಪ್ಪು ಜನರ ಬದುಕನ್ನು ಹಾರ್ಡಿಯ ಚಿತ್ರಗಳೊಂದಿಗೆ ತೋರಿಸಿತು. ಆ ವರ್ಷದ ಕೊನೆಗೆ ಮಾರಾಟ 14 ಲಕ್ಷ ದಾಟಿತ್ತು.

ಅಚ್ಚಾಗದ ವರದಿ

1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಹಾಪ್ಕಿನ್ಸನ್ ಅಲ್ಲಿಗೆ ಕಳಿಸಿದ್ದು ಹಾರ್ಡಿಯನ್ನು ಮತ್ತು ವರದಿಗಾರ ಜೇಮ್ಸ್ ಕ್ಯಾಮರೂನ್ ಅವರನ್ನು. ಸೆಪ್ಟೆಂಬರ್ 15ರಂದು ಅಮೆರಿಕದ ಸೈನಿಕರು ಇಂಚೋನ್ ತೀರಕ್ಕೆ ದಾಳಿಯಿಟ್ಟಾಗ ಇವರಿಬ್ಬರೂ ಅವರ ಜೊತೆಯಲ್ಲೇ ದಡಕ್ಕಿಳಿದರು. ಅಕ್ಟೋಬರ್ 7ರ ಸಂಚಿಕೆಯಲ್ಲಿ ಬಂದ ಆ ಚಿತ್ರವರದಿ ಯುದ್ಧ ಪತ್ರಿಕೋದ್ಯಮದ ಶ್ರೇಷ್ಠ ಪುಟಗಳಲ್ಲಿ ಒಂದು.

ಅವರು ತಂದ ಇನ್ನೊಂದು ವರದಿ ಬೇರೆ ಬಗೆಯದು. ಪುಸಾನ್ ನಗರದಲ್ಲಿ ದಕ್ಷಿಣ ಕೊರಿಯಾದ ಸಿಂಗ್‌ಮನ್ ರೀ ಸರ್ಕಾರದ ರಾಜಕೀಯ ಕೈದಿಗಳ ಗುಂಪನ್ನು ಅವರು ಕಂಡಿದ್ದರು. ಎಲುಬು ಎಣಿಸುವಂತಿದ್ದ ಮೈ, ಒಬ್ಬರಿಗೊಬ್ಬರನ್ನು ಬಿಗಿದ ಕಟ್ಟು, ನೆಲದ ಮೇಲೆ ನಿಂತ ಕೊಳಕು ನೀರನ್ನೇ ಕುಡಿಯುವ ದಾಹ. ವಿಚಾರಣೆ ಎಂಬುದೇ ಇಲ್ಲದೆ ಅವರನ್ನು ಸಾವಿನ ಕಡೆಗೆ ಸಾಗಿಸಲಾಗುತ್ತಿತ್ತು. ಇದೆಲ್ಲ ನಡೆಯುತ್ತಿದ್ದದ್ದು ವಿಶ್ವಸಂಸ್ಥೆಯ ಧ್ವಜದ ಕೆಳಗೆ, ಬ್ರಿಟಿಷ್ ಸೈನಿಕರೂ ಯಾರ ಪರ ಹೋರಾಡುತ್ತಿದ್ದರೋ ಆ ಸರ್ಕಾರದ ಕೈಯಲ್ಲಿ. ಹಾರ್ಡಿ ಚಿತ್ರ ತೆಗೆದರು, ಕ್ಯಾಮರೂನ್ ಬರೆದರು.

ಈ ವರದಿಯ ಪರಿಣಾಮ ಏನಾದೀತೆಂಬುದು ಹಾಪ್ಕಿನ್ಸನ್ನರಿಗೆ ಗೊತ್ತಿತ್ತು. ಅವರು ಅವಸರ ಮಾಡಲಿಲ್ಲ. ಬರಹದ ಕಾವು ತಗ್ಗಿಸಿದರು, ಒಂದೊಂದು ಮಾತನ್ನೂ ತೂಗಿದರು. ಅಮೆರಿಕದ ಯುದ್ಧಕೈದಿಗಳನ್ನು ಉತ್ತರ ಕೊರಿಯಾ ನಡೆಸಿಕೊಂಡ ಬಗೆಯ ಚಿತ್ರವನ್ನೂ ಜೊತೆಗಿರಿಸಿ, ಒಂದೇ ಪಕ್ಷವನ್ನು ದೂರುವ ಬರಹ ಇದಾಗದಂತೆ ನೋಡಿಕೊಂಡರು. ಪುಟ ಸಿದ್ಧವಾಗಿ ಅಚ್ಚಿಗೆ ಹೋಯಿತು. ಮಾಲೀಕ ಹಲ್ಟನ್ ಅದನ್ನು ತಡೆದರು. ಬ್ರಿಟಿಷ್ ಸೈನಿಕರು ರಣರಂಗದಲ್ಲಿರುವಾಗ ಇಂಥ ವರದಿ ಕಮ್ಯುನಿಸ್ಟರ ಕೈಗೆ ಆಯುಧ ಕೊಟ್ಟಂತೆ ಎಂಬುದು ಅವರ ವಾದ. ವರದಿ ಸತ್ಯ, ಅದನ್ನು ಪರಿಶೀಲಿಸಿದ್ದೇವೆ, ಆದ್ದರಿಂದ ಓದುಗರಿಗೆ ತಿಳಿಸಬೇಕು ಎಂಬುದು ಹಾಪ್ಕಿನ್ಸನ್ನರ ವಾದ. ಇಬ್ಬರೂ ಪಟ್ಟು ಬಿಡಲಿಲ್ಲ. ಹಾಪ್ಕಿನ್ಸನ್ ತಾವಾಗಿ ರಾಜೀನಾಮೆ ಕೊಡಲು ಒಪ್ಪಲಿಲ್ಲ. ಹಲ್ಟನ್ ಅವರನ್ನು ವಜಾ ಮಾಡಿದರು. ಕ್ಯಾಮರೂನ್ ತಾವಾಗಿಯೇ ಪತ್ರಿಕೆ ಬಿಟ್ಟರು.

ಹಲ್ಟನ್ ಬಗ್ಗೆಯೂ ನ್ಯಾಯವಾಗಿ ಮಾತಾಡಬೇಕು. ‘ಪಿಕ್ಚರ್ ಪೋಸ್ಟ್’ಗೆ ಬಂಡವಾಳ ಹಾಕಿದವರು ಅವರು, ಯುದ್ಧದ ವರ್ಷಗಳಲ್ಲಿ ಸರ್ಕಾರಕ್ಕೆ ಹಿಡಿಸದ ಎಷ್ಟೋ ಬರಹಗಳ ಬೆನ್ನಿಗೆ ನಿಂತವರು. ಪತ್ರಿಕೆ ಅವರ ಆಸ್ತಿಯೇ ಆಗಿತ್ತು. ಆದರೆ ಲಕ್ಷಾಂತರ ಜನ ಪ್ರತಿ ವಾರ ಅದನ್ನು ಕೊಳ್ಳುತ್ತಿದ್ದದ್ದು ಅದರಲ್ಲಿ ಅಚ್ಚಾದದ್ದನ್ನು ನಂಬಿ. ಆ ನಂಬಿಕೆ ಮಾಲೀಕರ ಲೆಕ್ಕಪುಸ್ತಕದಲ್ಲಿ ಇರುವಂಥದ್ದಲ್ಲ.

ಆಮೇಲಿನ ಅಂಕಿಗಳನ್ನು ನೋಡಿ. 1949ರ ಕೊನೆಗೆ 14 ಲಕ್ಷ ದಾಟಿದ್ದ ಮಾರಾಟ 1952ರ ಜೂನ್ ಹೊತ್ತಿಗೆ 9,35,000ಕ್ಕೆ ಇಳಿಯಿತು. ಸಂಪಾದಕರು ಒಬ್ಬರ ಹಿಂದೊಬ್ಬರು ಬದಲಾದರು. ಪತ್ರಿಕೆ ಗಂಭೀರವೋ ಲಘುವೋ ಎಂದು ಅದಕ್ಕೇ ತೋಚದಂತಾಯಿತು. 1957ರಲ್ಲಿ ಮುಚ್ಚಿದಾಗ ಮಾರಾಟ 6 ಲಕ್ಷಕ್ಕೂ ಕಡಿಮೆ. ಟೆಲಿವಿಷನ್ ಬಂದದ್ದೂ ಕಾರಣ ಹೌದು. ಆದರೆ ಓದುಗರು ಬಿಟ್ಟುಹೋಗಲು ಶುರುಮಾಡಿದ್ದು ಟೆಲಿವಿಷನ್ ಮನೆಮನೆಗೆ ಬರುವ ಮೊದಲೇ ಎಂಬುದನ್ನು ಮರೆಯಬಾರದು.

ಆಫ್ರಿಕದ ವರ್ಷಗಳು

ಹುದ್ದೆ ಹೋದ ಮೇಲೆ ಹಾಪ್ಕಿನ್ಸನ್ ಕೆಲವು ವರ್ಷ ಕಾದಂಬರಿ ಬರೆದರು, ಜಾರ್ಜ್ ಆರ್ವೆಲ್ ಬಗ್ಗೆ ಕಿರುಹೊತ್ತಗೆ ಬರೆದರು, ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಯ ವಿಶೇಷ ಲೇಖನಗಳ ವಿಭಾಗ ನೋಡಿಕೊಂಡರು. 1958ರಲ್ಲಿ ಜೋಹಾನ್ಸ್‌ಬರ್ಗಿಗೆ ಹೋಗಿ ‘ಡ್ರಮ್’ ಪತ್ರಿಕೆಯ ಸಂಪಾದಕರಾದರು.

ಜಿಮ್ ಬೈಲಿ ಒಡೆತನದ ‘ಡ್ರಮ್’ ದಕ್ಷಿಣ ಆಫ್ರಿಕದ ಕಪ್ಪು ನಗರವಾಸಿಗಳ ಪತ್ರಿಕೆ. ಕ್ಯಾನ್ ಥೆಂಬಾ, ನ್ಯಾಟ್ ನಕಾಸಾ, ಲೂಯಿಸ್ ನ್ಕೋಸಿ ಅವರಂಥ ಲೇಖಕರು ಅದರಲ್ಲಿ ಬೆಳೆದರು. ಜಾಝ್ ಸಂಗೀತ, ಬಾಕ್ಸಿಂಗ್, ಅಪರಾಧದ ಸುದ್ದಿಗಳ ಜೊತೆಗೆ ಜೈಲುಗಳ, ಜೀತದ ಹೊಲಗಳ ಕರಾಳ ಸಂಗತಿಗಳನ್ನೂ ಅದು ಬಯಲಿಗೆಳೆಯುತ್ತಿತ್ತು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಜನರ ಮೇಲೆ ಗುಂಡು ಹಾರಿಸಿ 69 ಮಂದಿ ಸತ್ತಾಗ, ‘ಡ್ರಮ್’ನ ಛಾಯಾಗ್ರಾಹಕ ಇಯಾನ್ ಬೆರಿ ಸ್ಥಳದಲ್ಲೇ ಇದ್ದರು. ಗುಂಡಿಗೆ ಬೆನ್ನು ಕೊಟ್ಟು ಓಡುತ್ತಿರುವ ಹೆಂಗಸರು, ಮಕ್ಕಳು ಅವರ ಚಿತ್ರಗಳಲ್ಲಿ ಸೆರೆಯಾದರು. ಆ ಚಿತ್ರಗಳು ಜಗತ್ತಿಗೆಲ್ಲ ತಲುಪಿದವು.

ಅದೇ ದಿನ ಪತ್ರಿಕೆಯ ಇನ್ನೊಬ್ಬ ಛಾಯಾಗ್ರಾಹಕ ಪೀಟರ್ ಮಗುಬಾನೆ ಅವರೂ ಅಲ್ಲಿಗೆ ಹೋಗಿದ್ದರು. ‘ಡ್ರಮ್’ನಲ್ಲಿ ಚಾಲಕನಾಗಿ ಕೆಲಸಕ್ಕೆ ಸೇರಿ ಕ್ಯಾಮೆರಾ ಹಿಡಿದವರು ಅವರು. ಅಷ್ಟು ಹೆಣಗಳನ್ನು ಎಂದೂ ಕಂಡಿರದ ಮಗುಬಾನೆ ಹತ್ತಿರ ಹೋಗಲಾರದೆ ದೂರದಿಂದಲೇ ಚಿತ್ರ ತೆಗೆದು ತಂದರು. ಹತ್ತಿರದ ಚಿತ್ರಗಳೇಕಿಲ್ಲ ಎಂದು ಸಂಪಾದಕರು ಕೇಳಿದರು. ಕೆಲಸ ಮುಗಿಯುವ ತನಕ ಮನಸ್ಸನ್ನು ಕದಡಲು ಬಿಡಬಾರದೆಂದು ಅಂದೇ ನಿಶ್ಚಯಿಸಿದೆ ಎಂದು ಮಗುಬಾನೆ ಮುಂದೆ ಹೇಳಿಕೊಂಡಿದ್ದಾರೆ. ಸೆರೆಮನೆ, ಏಕಾಂತ ಬಂಧನ, ಪೊಲೀಸರ ಪೆಟ್ಟು ಎಲ್ಲವನ್ನೂ ಸಹಿಸಿ, ವರ್ಣಭೇದದ ಅಂತ್ಯದವರೆಗೂ ದೇಶದ ಚರಿತ್ರೆಯನ್ನು ಚಿತ್ರಗಳಲ್ಲಿ ದಾಖಲಿಸಿದವರು ಮಗುಬಾನೆ. ಸಂಪಾದಕನ ಒಂದು ಕಠಿಣ ಪ್ರಶ್ನೆ ಒಬ್ಬ ಪತ್ರಕರ್ತನ ಜೀವನವಿಡೀ ಕೆಲಸ ಮಾಡಿದ್ದಕ್ಕೆ ಇದು ಸಾಕ್ಷಿ.

ಮೇಷ್ಟರಾದ ಸಂಪಾದಕ

1961ರಲ್ಲಿ ‘ಡ್ರಮ್’ ಬಿಟ್ಟ ಹಾಪ್ಕಿನ್ಸನ್, 1963ರಿಂದ 1966ರವರೆಗೆ ಅಂತರರಾಷ್ಟ್ರೀಯ ಪತ್ರಿಕಾ ಸಂಸ್ಥೆಯ ಪರವಾಗಿ ನೈರೋಬಿಯಲ್ಲಿ ಆಫ್ರಿಕದ ಪತ್ರಕರ್ತರ ತರಬೇತಿ ನಡೆಸಿದರು. ಫೋರ್ಡ್ ಫೌಂಡೇಷನ್ ಹಣದ ನೆರವು ನೀಡಿತ್ತು. ದೇಶಗಳು ಒಂದರ ಹಿಂದೊಂದು ಸ್ವತಂತ್ರವಾಗುತ್ತಿದ್ದ ಕಾಲ. ಕೆನ್ಯಾಕ್ಕೇ 1963ರ ಡಿಸೆಂಬರಿನಲ್ಲಿ ಸ್ವಾತಂತ್ರ್ಯ ಬಂತು. ಪತ್ರಿಕೆಗಳ ಮೇಲಿನ ಹುದ್ದೆಗಳಲ್ಲಿ ಅದುವರೆಗೂ ಯುರೋಪಿನವರೇ ಇದ್ದರು. ಆ ಜಾಗಗಳಿಗೆ ಸ್ಥಳೀಯರು ಬರಬೇಕಿತ್ತು. ಅದಕ್ಕೆ ದಶಕಗಟ್ಟಲೆ ಕಾಯುವಂತಿರಲಿಲ್ಲ. ಕೆಲವೇ ತಿಂಗಳಲ್ಲಿ ಅವರನ್ನು ಸಿದ್ಧಗೊಳಿಸುವ ಸವಾಲನ್ನು ಹಾಪ್ಕಿನ್ಸನ್ ವಹಿಸಿಕೊಂಡರು.

ಆಮೇಲೆ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಪತ್ರಿಕಾ ಅಧ್ಯಯನದ ಹಿರಿಯ ಫೆಲೊ ಆಗಿದ್ದು, ಕಾರ್ಡಿಫ್ ಕೇಂದ್ರವನ್ನು ಕಟ್ಟಿದರು. 1975ರವರೆಗೆ ಅದರ ನಿರ್ದೇಶಕರಾಗಿದ್ದರು. ಬ್ರಿಟನ್ನಿನಲ್ಲಿ ಆಗ ಪತ್ರಕರ್ತನಾಗಬೇಕೆಂದರೆ ಊರಿನ ಸಣ್ಣ ಪತ್ರಿಕೆಯಲ್ಲಿ ಸೇರಿ, ಹಿರಿಯರ ಕೈಕೆಳಗೆ ಬೈಸಿಕೊಳ್ಳುತ್ತ ಕಲಿಯುವುದೇ ದಾರಿ. ವಿಶ್ವವಿದ್ಯಾಲಯ ಇದನ್ನು ಕಲಿಸಬಲ್ಲದೆಂದು ಒಪ್ಪುವ ಸಂಪಾದಕರು ಕಡಿಮೆ. ಪತ್ರಿಕಾವೃತ್ತಿ ತಮ್ಮ ಅಂಗಳಕ್ಕೆ ಸಲ್ಲುವಂಥದ್ದೆಂದು ಒಪ್ಪುವ ಪ್ರಾಧ್ಯಾಪಕರೂ ಕಡಿಮೆ. ಎರಡೂ ಕಡೆಯವರು ಗೌರವಿಸುವ ಹೆಸರು ಹಾಪ್ಕಿನ್ಸನ್ನರದಾಗಿತ್ತು. ಹೀಗಾಗಿ ಕೇಂದ್ರ ಬೇರೂರಿತು. ಇಂದು ಬ್ರಿಟನ್ನಿನ ಹೆಸರಾಂತ ಪತ್ರಿಕೋದ್ಯಮ ಶಾಲೆಗಳಲ್ಲಿ ಅದೊಂದು.

ನಮ್ಮಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿ ಅವರು 1951ರಲ್ಲೇ ಪತ್ರಿಕೋದ್ಯಮದ ಪಾಠಕ್ಕೆ ಅಡಿಪಾಯ ಹಾಕಿದ್ದರು. ಕಾಲೇಜಿನ ಕೋಣೆಯಲ್ಲಿ ಪತ್ರಕರ್ತರು ತಯಾರಾಗಬಹುದೇ ಎಂಬ ಅನುಮಾನವನ್ನು ಕನ್ನಡನಾಡು ಕಾರ್ಡಿಫ್ ಕೇಂದ್ರ ಹುಟ್ಟುವ ಮೊದಲೇ ಎದುರಿಸಿತ್ತು ಎಂಬುದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಕೊನೆಯ ವರ್ಷಗಳಲ್ಲಿ ಹಾಪ್ಕಿನ್ಸನ್ ಆತ್ಮಕಥೆಯ ಎರಡು ಸಂಪುಟಗಳನ್ನು ಬರೆದರು. ಮಡದಿ ಡೊರೊಥಿ ಅವರೊಡನೆ ಭಾರತದ ಮೆಹರ್ ಬಾಬಾ ಅವರ ಜೀವನ ಕುರಿತು ಬರೆದ ಪುಸ್ತಕ 1974ರಲ್ಲಿ ಬಂದಿತ್ತು. 1978ರಲ್ಲಿ ಅವರಿಗೆ ‘ಸರ್’ ಪದವಿ ಸಂದಿತು. 1990ರ ಜೂನ್ 20ರಂದು ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು.

ಉಳಿದದ್ದು

ಹಾಪ್ಕಿನ್ಸನ್ ನಡೆಸಿದ ‘ಪಿಕ್ಚರ್ ಪೋಸ್ಟ್’ ಇಂದು ಇಲ್ಲ. ಅದಕ್ಕಾಗಿ ತೆಗೆದ ಲಕ್ಷಾಂತರ ಚಿತ್ರಗಳು ಹಲ್ಟನ್ ಸಂಗ್ರಹವೆಂಬ ಹೆಸರಿನಲ್ಲಿ ಉಳಿದು, ಇಪ್ಪತ್ತನೇ ಶತಮಾನದ ಬ್ರಿಟನ್ ಬಗ್ಗೆ ಬರೆಯುವವರಿಗೆಲ್ಲ ಆಕರವಾಗಿವೆ. ಅಚ್ಚಾಗದ ಆ ಕೊರಿಯಾ ವರದಿ, ಅಚ್ಚಾದ ಎಷ್ಟೋ ವರದಿಗಳಿಗಿಂತ ಹೆಚ್ಚು ಕಾಲ ಪತ್ರಿಕೋದ್ಯಮದ ತರಗತಿಗಳಲ್ಲಿ ಚರ್ಚೆಯಾಗಿದೆ.

ಶೀರ್ಷಿಕೆ ಬರೆಯುವುದು, ಪುಟ ಕಟ್ಟುವುದು, ಕ್ಯಾಮೆರಾ ಹಿಡಿಯುವುದು, ಇವನ್ನು ನಾವು ಕಲಿಸುತ್ತೇವೆ, ಕಲಿಸಲೇಬೇಕು. ಇವುಗಳ ಜೊತೆಗೆ ಇನ್ನೊಂದು ಪಾಠ ಪಠ್ಯಕ್ರಮದಲ್ಲಿ ಸೇರಬೇಕು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಸಂಪಾದಕರ ಕುರ್ಚಿಯಲ್ಲಿ ಕೂರುವವರು. ದೂರದ ಊರಿನಿಂದ ವರದಿಗಾರನೊಬ್ಬ ಅಹಿತವಾದ ಸತ್ಯವನ್ನು ಹೊತ್ತು ತಂದಾಗ, ಅದನ್ನು ಕಟ್ಟುನಿಟ್ಟಾಗಿ ಪರೀಕ್ಷಿಸುವುದು ಅವರ ಮೊದಲ ಕರ್ತವ್ಯ. ಪರೀಕ್ಷೆಯಲ್ಲಿ ಗೆದ್ದ ವರದಿಯ ಬೆನ್ನಿಗೆ ನಿಲ್ಲುವುದು ಎರಡನೆಯದು. ಪತ್ರಿಕೋದ್ಯಮ ಶಾಲೆಯೊಂದು ತನ್ನ ವರ್ಷಗಳನ್ನು ಲೆಕ್ಕ ಹಾಕಿ ಸಂಭ್ರಮಿಸುವಾಗ, ಇಂಥ ಸಂಪಾದಕರು ನಮ್ಮಿಂದ ಎಷ್ಟು ಮಂದಿ ಹೊರಟಿದ್ದಾರೆ ಎಂದು ಕೇಳಿಕೊಳ್ಳಬೇಕು. ಹಾಪ್ಕಿನ್ಸನ್ ತಮ್ಮ ಹುದ್ದೆಯನ್ನೇ ಒತ್ತೆಯಿಟ್ಟು ಕಲಿಸಿದ ಪಾಠ ಅದು. ಅದನ್ನು ಮುಂದಿನವರಿಗೆ ದಾಟಿಸುವ ಹೊಣೆ ನಮ್ಮದು.